ಸೀತನಿ ಪಟ್ಟಿಯ ಬಸಲಿಂಗಪ್ಪ ಕಾಕಾ

ಬಸಲಿಂಗಪ್ಪ ಕಾಕಾರ ಅಂಗಿಯ ಜೇಬಿನಲ್ಲಿ ಯಾವಾಗಲೂ ಮೂರು ಪೆನ್ನು ಇರುತ್ತಿದ್ದವು. ನೀಲಿಯಲ್ಲಿ ಬರೆಯುತ್ತಿದ್ದರು, ಕರಿಯದರಲ್ಲಿ ಸಹಿ ಹಾಕಿಸುತ್ತಿದ್ದರು, ಕೆಂಪು ಪೆನ್ನು ಮಂದಿಯನ್ನು ಅಂಜಿಸಲಿಕ್ಕೆ. ರಾಣೆಬೆನ್ನೂರಿನ ತಹಶೀಲ್ದಾರ ಕಚೇರಿಯ ಎದುರು ಬೇವಿನ ಗಿಡದ ಕೆಳಗೆ ಕೂತು ಮೂವತ್ತು ವರ್ಷ ಖರೀದಿಪತ್ರ, ವಾಟ್ನಿಪತ್ರ, ಅರ್ಜಿ ಬರೆದವರು. ಬರೆದೂ ಬರೆದೂ ಅವರ ನಾಲಿಗೆಗೂ ಆ ಭಾಷೆಯೇ ಅಂಟಿಕೊಂಡಿತ್ತು. ರೈಲಿನಲ್ಲಿ ಕಿಟಕಿ ಪಕ್ಕದ ಸೀಟು ಬೇಕಾದರೆ "ಸದರಿ ಜಾಗಾದ ಮ್ಯಾಲೆ ನಿಮ್ಮ ತಕರಾರು ಏನಾರ ಐತೇನ್ರಿ?" ಎನ್ನುವರು. ಕೇಳಿಸಿಕೊಂಡವರು ಗಾಬರಿಯಾಗಿ ಎದ್ದುಬಿಡುತ್ತಿದ್ದರು.

ಹಾವೇರಿಯಿಂದ ಬೆಳಗಿನ ಪ್ಯಾಸೆಂಜರ್ ಹಿಡಿದು ಕೆಲಸಕ್ಕೆ ಹೋಗುವ ಹತ್ತು ಜನರ ಗುಂಪು ನಮ್ಮದು. ನಾನು ರಾಣೆಬೆನ್ನೂರಿನ ಶಾಲೆಯಲ್ಲಿ ಟೀಚರು. ಅಗಡಿಯ ನಾಗರಾಜ ಅಲ್ಲಿಯೇ ಒಂದು ಔಷಧದ ಅಂಗಡಿಯಲ್ಲಿದ್ದ. ರೇಣವ್ವ ಮಾತ್ರ ಬ್ಯಾಡಗಿಗೇ ಇಳಿಯುತ್ತಿದ್ದಳು. ಅಲ್ಲಿನ ವ್ಯಾಪಾರಸ್ಥರೊಬ್ಬರ ಗೋದಾಮಿನಲ್ಲಿ ಮೆಣಸಿನಕಾಯಿಯ ತುಂಬು, ಅಂದರೆ ತೊಟ್ಟು, ತೆಗೆಯುವ ಕೆಲಸ. ಸಂಜೆ ಅವಳು ಬ್ಯಾಡಗಿಯಲ್ಲಿ ಹತ್ತಿದ ಕೂಡಲೇ ಇಡೀ ಡಬ್ಬಿ ಸೀನುತ್ತಿತ್ತು, ಅವಳೊಬ್ಬಳು ಸೀನುತ್ತಿರಲಿಲ್ಲ.

ಜನವರಿಯಲ್ಲಿ ಒಂದು ಭಾನುವಾರ ಅಗಡಿಯ ನಾಗರಾಜನ ಹೊಲದಲ್ಲಿ ಸೀತನಿ ತಿನ್ನುವುದು ನಮ್ಮ ಗುಂಪಿನ ರೂಢಿ. ಕುಣಿ ತೋಡಿ, ಸಗಣಿ ಕುಳ್ಳಿನ ಕೆಂಡದಲ್ಲಿ ಹಾಲುಗಾಳಿನ ಜೋಳದ ತೆನೆ ಸುಟ್ಟು, ಬಿಸಿಬಿಸಿ ತಿಕ್ಕಿ, ಉದುರಿದ ಕಾಳನ್ನು ಚಟ್ನಿ, ಮೊಸರು, ಬೆಲ್ಲದ ಜೊತೆ ತಿನ್ನುವುದು. ತೆನೆ ನಾಗರಾಜನದು, ಉಳಿದದ್ದು ಬಂದವರು ತರಬೇಕು. ಮೊದಲ ವರ್ಷ ಯಾರೂ ಯಾರನ್ನೂ ಕೇಳಲಿಲ್ಲ. ಹೊಲದಲ್ಲಿ ಡಬ್ಬಿಗಳನ್ನು ತೆರೆದಾಗ ಏಳರಲ್ಲಿ ಶೇಂಗಾ ಚಟ್ನಿ ಇತ್ತು. ಮೊಸರು ಒಬ್ಬರೂ ತಂದಿರಲಿಲ್ಲ. ಒಣ ಚಟ್ನಿ ಗಂಟಲಿಗೆ ಹತ್ತಿ ಕೆಮ್ಮುತ್ತ ಕೂತಿದ್ದ ನಮ್ಮನ್ನು ಕಾಕಾ ಒಮ್ಮೆ ನೋಡಿ, ಇದು ಕರಾರಿಲ್ಲದ ವ್ಯವಹಾರದ ಫಲ, ಮುಂದಿನ ವರ್ಷದಿಂದ ಕಾಗದ ಆಗಬೇಕು ಎಂದು ತೀರ್ಪು ಕೊಟ್ಟರು.

ಆಯಿತು. ಮುಂದಿನ ಡಿಸೆಂಬರಿನಲ್ಲಿ ರೈಲು ಹಾವೇರಿ ಬಿಟ್ಟ ಕೂಡಲೇ ಪಟ್ಟಿ ಹೊರಬಂತು. ಉದ್ದನೆಯ ಕಾಗದ, ಎಡಕ್ಕೆ ಎರಡು ಬೆರಳಿನಷ್ಟು ಅಂಚು. "ಕೆಳಗೆ ಸಹಿ ಮಾಡಿದವರು ಯಾರ ಒತ್ತಾಯಕ್ಕೂ ಒಳಗಾಗದೆ, ಸ್ವಸಂತೋಷದಿಂದ, ಸೀತನಿ ಬಾಬತ್ತು ಬರೆದುಕೊಟ್ಟ ಒಪ್ಪಿಗೆಪತ್ರ" ಎಂದು ಶುರು. ಅದರ ಕೆಳಗೆ ಕಲಮುಗಳು. ಮೊಸರು ತರುವವರು ಹುಳಿಯಾಗದ ಮೊಸರು ತರತಕ್ಕದ್ದು. ಬದನೆಕಾಯಿ ತರುವವರು ಹುಳುಕಿನ ಹೊಣೆ ಹೊರತಕ್ಕದ್ದು. ರಂಜಕ, ಅಂದರೆ ಹಣ್ಣು ಮೆಣಸಿನಕಾಯಿ, ಬೆಳ್ಳುಳ್ಳಿ, ಹುರಿದ ಮೆಂತ್ಯ, ಉಪ್ಪು, ಲಿಂಬೆರಸ ಹಾಕಿ ಕುಟ್ಟಿದ ಕೆಂಪು ಚಟ್ನಿ, ನನ್ನ ಹೆಸರಿಗೆ. ತಮ್ಮ ಹೆಸರಿನ ಮುಂದೆ ಕಾಕಾ "ಮೇಲ್ವಿಚಾರಣೆ ಮತ್ತು ಉಪ್ಪು" ಎಂದು ಬರೆದುಕೊಂಡಿದ್ದರು.

ಆ ಉಪ್ಪನ್ನೂ ಎರಡನೆಯ ವರ್ಷ ಮರೆತು ಬಂದರು. ಸಪ್ಪೆ ಮಜ್ಜಿಗೆ, ಸಪ್ಪೆ ಬದನೆಕಾಯಿ. ನಾಗರಾಜ ಪಟ್ಟಿ ತೋರಿಸಿದಾಗ ಕಾಕಾ ಕನ್ನಡಕ ಏರಿಸಿ ತಮ್ಮ ಹೆಸರಿನ ಪಕ್ಕದ ಸಣ್ಣ ಅಕ್ಷರದ ಮೇಲೆ ಬೆರಳಿಟ್ಟರು.

"ಸಾವಕಾಶ ಓದಪಾ. 'ಅನುಕೂಲವಾದಲ್ಲಿ' ಅಂತ ಬರದೇನಿ. ನನಗ ಅನುಕೂಲ ಆಗಲಿಲ್ಲ."

ಇಂಥ ಮನುಷ್ಯನನ್ನು ಬೈಯುವುದು ಹೇಗೆ? ನಕ್ಕೆವು. ಕಾಕಾರನ್ನು ಬೈಯಲು ಬರದಿರುವುದಕ್ಕೆ ಇನ್ನೊಂದು ಕಾರಣವೂ ಇತ್ತು. ಬಡವರ ಅರ್ಜಿಗೆ ಅವರು ಕೈಚಾಚುತ್ತಿರಲಿಲ್ಲ. ರೇಣವ್ವನ ಗಂಡ ತೀರಿಕೊಂಡ ಮೇಲೆ ಅವಳ ಪಿಂಚಣಿ ಅರ್ಜಿ ಮೂರು ಸಲ ವಾಪಸು ಬಂತು. ಮೂರೂ ಸಲ ಹೊಸದಾಗಿ ಬರೆದು, ತಾವೇ ಕಚೇರಿಯ ಮೆಟ್ಟಿಲು ಹತ್ತಿ ಮಂಜೂರು ಮಾಡಿಸಿದವರು ಕಾಕಾ. ಆದೇಶ ಕೊಡಲು ಅವಳ ಮನೆಯತನಕ ಹೋದವರು ಬಾಗಿಲಲ್ಲೇ ನಿಂತು ಕೊಟ್ಟು ಬಂದರು. ಅವಳು ಮಾಡಿದ ಚಹಾ ಕೂಡ ಮುಟ್ಟಲಿಲ್ಲ. ಅದನ್ನು ನಾವು ನಿಸ್ಪೃಹತೆ ಎಂದುಕೊಂಡೆವು.

ಪಟ್ಟಿಯಲ್ಲಿ ರೇಣವ್ವನ ಹೆಸರಿನ ಮುಂದೆ ಪ್ರತಿ ವರ್ಷವೂ ಒಂದೇ ಬರಹ: "ಕುಳ್ಳು, ಬಾಳಿ ಎಲಿ". ಬೇರೆಯವರ ಬಾಬತ್ತು ಬದಲಾಗುತ್ತಿತ್ತು. ಮೊಸರಿನವರಿಗೆ ಬೆಲ್ಲ, ಬೆಲ್ಲದವರಿಗೆ ಬದನೆಕಾಯಿ. ಅವಳದು ಬದಲಾಗಲಿಲ್ಲ. ಅವಳ ಮನೆ ಊರ ಕೊನೆಯ ದಲಿತರ ಕೇರಿಯಲ್ಲಿತ್ತು. ಕಾಕಾ ಅದನ್ನು ಒಮ್ಮೆಯೂ ಬಾಯಿಬಿಟ್ಟು ಹೇಳಲಿಲ್ಲ. ಅವಳ ಕುಳ್ಳಿನ ಕೆಂಡದಲ್ಲಿ ಸುಟ್ಟ ತೆನೆಯನ್ನು, ಅವಳು ತಂದ ಎಲೆಯಲ್ಲಿ ಹಾಕಿಕೊಂಡು, ಎಲ್ಲರಿಗಿಂತ ಮೊದಲು ತಿನ್ನುತ್ತಿದ್ದರು. ಬೆಂಕಿಗೆ ಮಡಿ-ಮೈಲಿಗೆ ಇಲ್ಲವಲ್ಲ. ಆ ಪಟ್ಟಿಯ ಕೆಳಗೆ ನಾಲ್ಕು ವರ್ಷ ನಾನೂ ಸಹಿ ಹಾಕಿದ್ದೇನೆ. ದುಂಡನೆಯ ಅಕ್ಷರದ, ಟೀಚರ ಸಹಿ.

ಪಟ್ಟಿಯ ನಾಲ್ಕನೆಯ ವರ್ಷ ರೇಣವ್ವ ಪೆನ್ನು ಹಿಡಿದವಳು ಸಹಿ ಮಾಡುವ ಮೊದಲು ಕೇಳಿದಳು.

"ಕಾಕಾರ, ಈ ಸಲ ರಂಜಕ ನಾ ತರ್ತೇನ್ರಿ. ದಿನಾ ಮೆಣಸಿನಕಾಯಿ ನಡುವ ಇರಾಕಿ ನಾನು."

ಕಾಕಾರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. "ರಂಜಕದ ಬಾಬತ್ತು ಟೀಚರ ಹೆಸರಿಲೆ ದಾಖಲಾಗೇತಿ ತಂಗಿ. ಒಬ್ಬರ ಕಬ್ಜಾದಾಗ ಇದ್ದದ್ದು ಇನ್ನೊಬ್ಬರಿಗೆ ಬರಿಯಾಕ ಬರೂದಿಲ್ಲ."

ರೇಣವ್ವ ನನ್ನ ಕಡೆ ನೋಡಿದಳು. ಬಿಟ್ಟುಕೊಡುತ್ತೇನೆ ಎಂದು ನಾನು ಹೇಳಿದ್ದರೆ ಮಾತು ಮುಗಿಯುತ್ತಿತ್ತು. ರಂಜಕಕ್ಕೆ ಮೆಂತ್ಯ ಎಷ್ಟು ಹುರಿಯಬೇಕೆಂದು ನನಗೆ ಕಲಿಸಿದವಳೇ ಅವಳು. ನಾನು ಕಿಟಕಿಯಾಚೆಯ ಗೋವಿನಜೋಳದ ಹೊಲಗಳನ್ನು ನೋಡಿದೆ. ಅವಳು ಸಹಿ ಹಾಕಿದಳು.

ಸೀತನಿಗೆ ಎರಡು ದಿನ ಮೊದಲು ಶಾಲೆಯ ಮೆಟ್ಟಿಲಲ್ಲಿ ಜಾರಿ ನನ್ನ ಬಲಗೈ ಮಣಿಕಟ್ಟು ಉಳುಕಿತು. ಒರಳಿನಲ್ಲಿ ಕುಟ್ಟುವುದು ಅಸಾಧ್ಯ. ರಂಜಕ ನೀನೇ ಕುಟ್ಟಿಕೊಡು ಎಂದು ರೇಣವ್ವನನ್ನು ಕೇಳಿದೆ. ಇದನ್ನು ಧೈರ್ಯವೆಂದು ಯಾರೂ ತಿಳಿಯಬಾರದು. ನನ್ನ ಅನುಕೂಲ, ಅಷ್ಟೆ. ಭಾನುವಾರ ಮುಂಜಾನೆ ಬಸ್ ಸ್ಟ್ಯಾಂಡಿನಲ್ಲಿ ಅವಳು ಕೊಟ್ಟ ರಂಜಕವನ್ನು ನನ್ನ ಸ್ಟೀಲಿನ ಡಬ್ಬಿಗೆ ಹಾಕಿಕೊಂಡೆ. ಅವಳು ನೋಡುತ್ತ ನಿಂತಿದ್ದಳು.

ಹೊಲದಲ್ಲಿ ಕಾಕಾ ಮೊದಲ ತುತ್ತಿಗೇ ಕಣ್ಣು ಮುಚ್ಚಿದರು. ಎರಡನೆಯ ಸಲ ಹಾಕಿಸಿಕೊಂಡರು. ಮೂರನೆಯ ಸಲ ಡಬ್ಬಿಯನ್ನೇ ಹತ್ತಿರ ಎಳೆದುಕೊಂಡು, ಮೂಗಿನ ನೀರು ಒರೆಸಿಕೊಳ್ಳುತ್ತ, ಎಲ್ಲರಿಗೂ ಕೇಳುವಂತೆ ಅಂದರು: "ಮನಿತನದ ಕೈ ಅಂದ್ರ ಇದು ನೋಡ್ರಿ. ಇದು ಕಲತು ಬರೂದಲ್ಲ, ರಕ್ತದಾಗ ಬರಬೇಕು."

ಎಲ್ಲರೂ ನನ್ನನ್ನು ನೋಡಿದರು. ಆಗಲೂ ನಾನು ಎಲೆಯ ಮೇಲಿನ ಕಾಳು ಕೂಡಿಸುತ್ತ ಕೂತೆ. ಕುಣಿಯ ಹತ್ತಿರ ತೆನೆ ತಿರುವುತ್ತಿದ್ದ ರೇಣವ್ವ ತಲೆ ಎತ್ತದೆಯೇ ಹೇಳಿದಳು:

"ಇನ್ನೊಂದೀಟು ಹಚ್ಚಿಕೊಳ್ರಿ ಕಾಕಾರ. ನಸಿಕಿನ್ಯಾಗ ಎದ್ದು ಕುಟ್ಟೇನಿ. ಟೀಚರ ಕೈ ಉಳಕೇತಿ."

ಕಾಕಾರ ಕೈ ಎಲೆಯ ಮೇಲೆ ನಿಂತುಬಿಟ್ಟಿತು. ಇಬ್ಬರು ಮೆಲ್ಲಗೆ ಎದ್ದು ಬೋರಿನ ಕಡೆ ಕೈ ತೊಳೆಯಲು ಹೋದರು. ನಾಗರಾಜ ಡಬ್ಬಿ ತನ್ನ ಕಡೆ ಎಳೆದು ಇನ್ನಷ್ಟು ಹಾಕಿಕೊಂಡ. ನಾನೂ ತಿಂದೆ, ಖಾರವೋ ನಾಚಿಕೆಯೋ ಕಿವಿ ಉರಿಯುತ್ತಿದ್ದವು. ಕಾಕಾ ಎಡಗೈಯಿಂದ ಜೇಬಿನಲ್ಲಿದ್ದ ಪಟ್ಟಿ ತೆಗೆದು ಬಿಡಿಸಿದರು. ಇಂಥ ಪ್ರಸಂಗಕ್ಕೆ ಏನಾದರೂ ಬರೆದಿದ್ದೇನೆಯೇ ಎಂದು ಮೇಲಿನಿಂದ ಕೆಳಗೆ ಓದಿದರು. ಮತ್ತೊಮ್ಮೆ ಓದಿದರು.

"ಏನ ಹುಡಕಾಕತ್ತೀರಿ ಕಾಕಾರ?" ರೇಣವ್ವನ ದನಿಯಲ್ಲಿ ಸಿಟ್ಟಿರಲಿಲ್ಲ. "ತಿಂದದ್ದು ವಾಪಸ್ ಮಾಡೂ ಕಲಂ ಐತೇನು ಅದ್ರಾಗ?"

ನಾಗರಾಜ ಫಕ್ಕನೆ ನಕ್ಕ. ಕಾಕಾ ಪಟ್ಟಿ ಮಡಿಸಿದರು, ಎದ್ದು ಕೈ ತೊಳೆದರು, ಚಪ್ಪಲಿ ಮೆಟ್ಟಿದರು. ರಾಣೆಬೆನ್ನೂರಿನಲ್ಲಿ ಒಂದು ಅವಸರದ ನೋಂದಣಿ ಇದೆ ಎಂದು ಹೇಳಿ ಡಾಂಬರು ರಸ್ತೆಯ ಕಡೆ ನಡೆದರು. ಭಾನುವಾರ ಯಾವ ಕಚೇರಿ ತೆರೆದಿರುತ್ತದೆ ಎಂದು ಯಾರೂ ಕೇಳಲಿಲ್ಲ.

ಆಮೇಲೆ ಎರಡು ತಿಂಗಳು ಅವರು ಹಿಂದಿನ ಡಬ್ಬಿಯಲ್ಲಿ ಪ್ರಯಾಣ ಮಾಡಿದರು. ಯುಗಾದಿ ಹೊತ್ತಿಗೆ ತಿರುಗಿ ಬಂದರು. ಆ ಡಬ್ಬಿಯಲ್ಲಿ ಅವರ ಮಾತು ಕೇಳುವವರು ಸಿಕ್ಕಿರಲಿಲ್ಲ. ಡಿಸೆಂಬರಿನಲ್ಲಿ ಮತ್ತೆ ಪಟ್ಟಿ ತಂದರು. ಈ ಸಲ ಹೆಸರುಗಳು ಮಾತ್ರ ಇದ್ದವು, ಮುಂದಿನ ಜಾಗ ಖಾಲಿ. ನಿಮ್ಮ ಬಾಬತ್ತು ನೀವೇ ಬರೆಯಿರಿ ಎಂದು ಪೆನ್ನು ದಾಟಿಸಿದರು. ರೇಣವ್ವ ದಪ್ಪ ಅಕ್ಷರದಲ್ಲಿ "ರಂಜಕ" ಎಂದು ಬರೆದಳು. ಕಾಕಾ ಅದನ್ನು ಓದಿದರು, ತಕರಾರು ತೆಗೆಯಲಿಲ್ಲ, ಕಾಗದ ಮಡಿಸಿ ನಾಗರಾಜನ ಕೈಗೆ ಕೊಟ್ಟರು. ಸೀತನಿಯ ದಿನ ಹೊಟ್ಟೆ ಸರಿಯಿಲ್ಲ ಎಂದು ಫೋನು ಮಾಡಿದರು. ಅದರ ಮುಂದಿನ ವರ್ಷವೂ ಸರಿಯಿರಲಿಲ್ಲ. ನ್ಯಾಯವನ್ನು ಕಾಗದದ ಮೇಲೆ ಒಪ್ಪಿಕೊಂಡಿದ್ದರು. ಎಲೆಯ ಮೇಲೆ ಒಪ್ಪಿಕೊಳ್ಳುವುದು ಅವರಿಂದ ಆಗಲಿಲ್ಲ.

ಹೋದ ಮಳೆಗಾಲದಲ್ಲಿ, ಬೆಳಿಗ್ಗೆ ಪೇಪರು ಓದುತ್ತ ಕೂತಲ್ಲೇ ಕಾಕಾ ಹೋಗಿಬಿಟ್ಟರು. ರೇಣವ್ವ ಕೂಲಿ ಬಿಟ್ಟು ಬಂದಳು. ಪಿಂಚಣಿ ಕೊಡಿಸಿದ ಪುಣ್ಯಾತ್ಮ, ಮನೆಯವರನ್ನು ಮಾತನಾಡಿಸಿ ಬರದಿದ್ದರೆ ಹೇಗೆ ಎಂದಳು. ಇಬ್ಬರೂ ಕೂಡಿಯೇ ಅವರ ಮನೆಗೆ ಹೋದೆವು. ಪಡಸಾಲೆಯಲ್ಲಿ ಕಾಕಾರ ಫೋಟೋ ಇತ್ತು, ಜೇಬಿನಲ್ಲಿ ಪೆನ್ನಿಲ್ಲದ್ದರಿಂದ ಯಾರೋ ಬೇರೆಯವರಂತೆ ಕಾಣುತ್ತಿದ್ದರು. ರೇಣವ್ವ ಬಾಗಿಲ ಹತ್ತಿರದ ಗೋಡೆಗೆ ಒರಗಿ ಕೂತಳು. ಕಾಕಾರ ಸೊಸೆ ಕಾಲೇಜಿನಲ್ಲಿ ಕಲಿಸುವವಳು, ನಯವಾಗಿ ಮಾತನಾಡಿದಳು, ನಮ್ಮಿಬ್ಬರ ಕೈಯನ್ನೂ ಹಿಡಿದುಕೊಂಡು ಕಣ್ಣು ಒರೆಸಿಕೊಂಡಳು. ಆಮೇಲೆ ಚಹಾ ತಂದಳು. ನನಗೂ ಉಳಿದವರಿಗೂ ಕಪ್ಪು-ಬಸಿಯಲ್ಲಿ. ರೇಣವ್ವನಿಗೆ ಕಾಗದದ ಲೋಟದಲ್ಲಿ.

ರೇಣವ್ವ ಚಹಾ ಕುಡಿದು, ಲೋಟವನ್ನು ಮುದುರಿ ಮುಷ್ಟಿಯಲ್ಲಿ ಹಿಡಿದುಕೊಂಡೇ ಹೊರಗೆ ಬಂದಳು. ಓಣಿಯ ತಿರುವಿನತನಕ ನಡೆದೆವು.

"ಕಾಕಾರು ಪಟ್ಟ್ಯಾಗ ಬರದಾದ್ರೂ ಇಡ್ತಿದ್ರು, ಟೀಚರ," ಎಂದಳು. "ಇವ್ರು ಬರಿಯೂದೂ ಇಲ್ಲ. ಜಗಳಾ ಯಾವದರ ಮ್ಯಾಲೆ ತಗೀಬೇಕು?"

ನಾನೋ, ಆ ಮನೆಯಲ್ಲಿ ನನ್ನ ಕಪ್ಪಿನ ಚಹಾವನ್ನು ತಳದತನಕ ಕುಡಿದು ಬಂದಿದ್ದೆ.