ಹಿಂದಿನ ಚಕ್ರ ಅಕ್ಕನದು

ಮೊನ್ನೆ ಅಟ್ಟ ಗುಡಿಸುವಾಗ ಹಳೆಯ ಸೈಕಲ್ಲಿನ ಹಿಂದಿನ ಚಕ್ರ ಕೈಗೆ ಸಿಕ್ಕಿತು. ಒಣಗಿದ ಗ್ರೀಸಿನ ವಾಸನೆ ಮೂಗಿಗೆ ಹತ್ತಿದ್ದೇ ತಡ, ಬನ್ನಿಮಂಟಪದ ಹತ್ತಿರವಿದ್ದ ಸೈಕಲ್ ಶಾಪಿನ ಯಜಮಾನರ ಮೇಲಿನ ಹಳೆಯ ಸಿಟ್ಟೆಲ್ಲ ಮತ್ತೆ ಏರಿ ಬಂತು.

ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು. ನನ್ನ ಸೈಕಲ್ಲಿನ ಎರಡೂ ರಿಮ್ಮು ತುಕ್ಕು ತಿಂದು ಕೂತಿದ್ದವು. ಸೋಮವಾರ ಅಕ್ಕನಿಗೆ ಟೀಚರ್ ಟ್ರೈನಿಂಗಿನ ಪರೀಕ್ಷೆ. ಚಿಕ್ಕಂದಿನಿಂದ ಅವಳ ಒಂದು ಕಾಲಿನಲ್ಲಿ ಬಲವಿಲ್ಲ. ಊರಿನ ಆ ತುದಿಗೆ ನನ್ನ ಕ್ಯಾರಿಯರ್ ಮೇಲೆ ಕೂತೇ ಹೋಗಬೇಕು. ನನಗೋ ಹಗುರವಾದ ಅಲ್ಯೂಮಿನಿಯಂ ರಿಮ್ಮಿನ ಹುಚ್ಚು.

ಯಜಮಾನರದು ಒಂದು ಪದ್ಧತಿ. ಹಿಂದೆ ಕೂರುವವರು ಖುದ್ದಾಗಿ ಬಂದು ಕೂತು ತೋರಿಸದೆ ಅವರು ಚಕ್ರ ಕಟ್ಟುತ್ತಿರಲಿಲ್ಲ. ಎಷ್ಟು ವಾದಿಸಿದರೂ ಜಗ್ಗಲಿಲ್ಲ. ಶುಕ್ರವಾರ ಅಕ್ಕನನ್ನು ನಿಧಾನಕ್ಕೆ ನಡೆಸಿಕೊಂಡು ಹೋದೆ. ಯಜಮಾನರು ಅವಳನ್ನು ಕ್ಯಾರಿಯರ್ ಮೇಲೆ ಕೂರಿಸಿ, ಸೈಕಲ್ ಹಿಡಿದು ಅಲ್ಲಾಡಿಸಿ, ಯಾವ ಕಡೆಗೆ ವಾಲುತ್ತಾಳೆಂದು ನೋಡಿದರು.

"ಇವನು ಗಾಳೀಲಿ ತೇಲ್ಬೇಕಂತೆ ಯಜಮಾನ್ರೆ, ನನ್ನ ರಸ್ತೇಲೇ ಬಿಟ್ಬುಟ್ಟು," ಎಂದಳು ಅಕ್ಕ.

"ಮುಂದಿನ ಚಕ್ರ ನಿನ್ನ ಶೋಕಿಗೆ ಹಗುರಾಗೇ ಕಟ್ಕೊಡ್ತೀನಿ ಕಣಪ್ಪ," ಎಂದರು ನನಗೆ. "ಹಿಂದಿಂದು ನಿಮ್ಮಕ್ಕಂದು. ಅದರ ಮಾತು ನೀನು ಆಡ್ಬೇಡ."

ಹಿಂದಕ್ಕೆ ದಪ್ಪ ಕಬ್ಬಿಣದ ರಿಮ್ಮು, ನಲವತ್ತು ಕಡ್ಡಿ. ತುಳಿಯುವವನು ನಾನು ತಾನೆ? ಅದು ಯಾರಿಗೆ ಬೇಕಿತ್ತು...

ಶನಿವಾರ ಕಟ್ಟಿದರು. ಭಾನುವಾರ ಬಿಚ್ಚಿ ಮತ್ತೆ ಕಟ್ಟಿದರು. ಒಂದೊಂದು ಕಡ್ಡಿಯನ್ನೂ ಬೆರಳಿನಿಂದ ಮೀಟಿ, ಬಿಗಿ ಸಮವಾಗಿದೆಯೇ ಎಂದು ಕಿವಿಗೊಟ್ಟು ಕೇಳುವುದು. ಸೋಮವಾರ ಒಂಬತ್ತು ಗಂಟೆಗೆ ಹೋದರೆ ಇನ್ನೂ ಮೀಟುತ್ತಿದ್ದಾರೆ! ಪರೀಕ್ಷೆ ಹತ್ತಕ್ಕೆ. ಅಂಗಡಿಯ ಮೆಟ್ಟಿಲ ಮೇಲೆ ಕೂತ ಅಕ್ಕನ ಮುಖ ಬಿಳಿಚಿಕೊಂಡಿತ್ತು.

"ನಾನು ಸಂಗೀತ ಕೇಳೋಕೆ ಬಂದಿಲ್ಲ, ಚಕ್ರ ಕೊಡ್ರೀ," ಎಂದು ರೇಗಿದೆ.

ತಲೆಯೆತ್ತಲಿಲ್ಲ. "ಒಂದು ಕಡ್ಡಿ ಸುಳ್ಳು ಹೇಳ್ತೈತೆ. ತಾಳು."

ಹೇಗೆ ತಾಳಿದೆನೋ... ಪರೀಕ್ಷೆಯ ಬೆಲ್ಲು ಹೊಡೆಯುವಾಗ ಅಕ್ಕ ಒಳಗೆ ಕಾಲಿಟ್ಟಳು. ಪಾಸಾದಳು, ಮೇಡಂ ಆದಳು, ವರ್ಷಗಟ್ಟಲೆ ಅದೇ ಚಕ್ರದ ಮೇಲೆ ಶಾಲೆಗೆ ಹೋದಳು. ನನ್ನ ಶೋಕಿಯ ಮುಂದಿನ ಚಕ್ರ ಮಾತ್ರ ಆ ದಸರಾಕ್ಕೆ ಮುಂಚೆಯೇ ಗುಂಡಿಗೆ ಬಿದ್ದು ಹಪ್ಪಳವಾಯಿತು. ಜಗಳಕ್ಕೆಂದೇ ಹೋದೆ. ಯಜಮಾನರು ಕೇಳಿದ್ದು ಒಂದೇ: "ಹಿಂದಿಂದು ಎಂಗೈತೆ?"

ಉರಿದುಹೋಯಿತು. ಉತ್ತರ ಕೊಡದೆ ಬಂದುಬಿಟ್ಟೆ.

ಈಗ ಆ ಅಂಗಡಿಯಿಲ್ಲ, ಯಜಮಾನರಿಲ್ಲ. ಅಕ್ಕನೂ ಹೋದಳು. ಅಟ್ಟದಲ್ಲಿ ಚಕ್ರ ಎತ್ತಿ ಹಿಡಿದು ತಿರುಗಿಸಿದೆ. ಗಟ್ಟಿಯಾದ ಗ್ರೀಸು ಮುಲುಗಿ ಬಿಟ್ಟುಕೊಟ್ಟಿತು. ರಿಮ್ಮು ಕೂದಲೆಳೆಯಷ್ಟೂ ಓಲಾಡಲಿಲ್ಲ. ಚೆನ್ನಾಗಿದೆ ಅಂತ ಆವತ್ತೇ ಒಂದು ಮಾತು ಹೇಳಿದ್ದರೆ ನನ್ನ ಗಂಟೇನು ಹೋಗುತ್ತಿತ್ತು...