ದ್ವಿತೀಯಾರ್ಧ ನಿಧಾನವಂತೆ

ಆ ಹಿಂದಿ ಚಿತ್ರ ನೋಡುವ ಮೊದಲೇ ಅದರ ವಿಮರ್ಶೆಗಳನ್ನು ಓದಿ ನನಗೆ ಸಾಕಾಗಿತ್ತು. ಪರದೇಶದಲ್ಲಿ ಗಂಡನ ಮನೆಯಿಂದ ತಪ್ಪಿಸಿಕೊಂಡ ಹೆಣ್ಣೊಬ್ಬಳು ನಮ್ಮ ರಾಯಭಾರ ಕಚೇರಿಗೆ ಓಡಿಬರುತ್ತಾಳೆ; ಅಲ್ಲಿಯ ಅಧಿಕಾರಿ ಅವಳನ್ನು ತವರಿಗೆ ಮುಟ್ಟಿಸುತ್ತಾನೆ. ದ್ವಿತೀಯಾರ್ಧ ನಿಧಾನ, ಬರೀ ಮಾತು ಎಂದು ಎಲ್ಲರದೂ ಒಂದೇ ರಾಗ. ಬಳ್ಳಾರಿಯ ಥಿಯೇಟರಿನಲ್ಲೂ ಅಷ್ಟೇ. ತೆಲುಗು ಚಿತ್ರಕ್ಕೆ ಟಿಕೆಟ್ ಸಿಗದೆ ಇತ್ತ ಬಂದವರು ಫೈಟಿಗಾಗಿ ಕಾದು, ಬೇಸತ್ತು, ಫೋನ್ ತೆಗೆದು ಕೂತರು.

ಸಿರುಗುಪ್ಪದಿಂದ ಬಂದಿದ್ದ ನನ್ನ ಅಕ್ಕ ಮಾತ್ರ ಕಣ್ಣು ಮಿಟುಕಿಸದೆ ನೋಡಿದಳು.

"ಕಥಿ ಭಾಳ ಎಳದಾರ," ಎಂದೆ ಹೊರಗೆ ಬಂದು. ನನಗೂ ಬೇರೆ ಮಾತು ಹೊಳೆಯಲಿಲ್ಲ.

ಅಕ್ಕ ಆಟೋ ಹತ್ತಿದಳು. ಮದುವೆಯಾದ ಹೊಸದರಲ್ಲಿ, ಗಂಡ ಹೊಡೆದನೆಂದು ಅವಳು ಒಂದು ಮಧ್ಯಾಹ್ನ ಕುರುಗೋಡಿನ ನಮ್ಮ ಮನೆಗೆ ಓಡಿಬಂದಿದ್ದಳು. ಅವ್ವ ಉಣ್ಣಲು ಬಡಿಸಿ, ತಲೆ ಬಾಚಿ, ಅಕ್ಕಿ, ಕೊಬ್ಬರಿ, ಕುಪ್ಪಸದ ಖಣ ಹಾಕಿ ಉಡಿ ತುಂಬಿ, ಸಂಜೆಯ ಬಸ್ಸಿಗೆ ಅದೇ ಗಂಡನ ಮನೆಗೆ ಕಳಿಸಿದ್ದಳು.

ಪಾರ್ವತಿನಗರದ ಹತ್ತಿರ ಬಂದಾಗ ಅಕ್ಕ ಬಾಯಿ ಬಿಟ್ಟಳು.

"ಎಳೀಲಿ ಬಿಡೋ ತಮ್ಮಾ. ಒಬ್ಬರಾದ್ರೂ ಆಕಿಗೆ ಉಡಿ ತುಂಬಿ ವಾಪಸ್ ಕಳಿಸ್ಯಾರೇನು?"