ಹಾಡುವವರಿಲ್ಲದ ಕ್ಯಾಸೆಟ್ಟು

ಸಂಗೀತದ ವಿಷಯಕ್ಕೆ ನಾನು ಜೀವಮಾನದಲ್ಲಿ ಒಂದೇ ಸಲ ಜಗಳ ಆಡಿದ್ದೇನೆ. ಆಡಬಾರದಿತ್ತು. ಜಗಳ ಆಡುವಷ್ಟು ಸಂಗೀತ ನನಗೆ ಬರುವುದಿಲ್ಲ. ಶಾಲೆಯಲ್ಲಿ ಪ್ರಾರ್ಥನೆ ಹೇಳಿಸುವಾಗಲೂ ಮಕ್ಕಳು ನನ್ನನ್ನು ಹಿಂದೆ ಬಿಟ್ಟು ಹಾಡು ಮುಗಿಸಿಬಿಡುತ್ತಿದ್ದರು.

ತೊಂಬತ್ತರ ದಶಕದ ಮಾತು. ನಾನು ಜೇವರ್ಗಿಯಲ್ಲಿ ಮಾಸ್ತರ. ಹೊಸದಾಗಿ ಟೇಪ್‌ರೆಕಾರ್ಡರ್ ಕೊಂಡಿದ್ದೆ, ಅದರ ಜೊತೆಗೆ ಬರುವ ಸೊಕ್ಕೂ ಬಂದಿತ್ತು. ಬಸ್‌ಸ್ಟ್ಯಾಂಡಿನ ಎದುರು ಕ್ಯಾಸೆಟ್ ತುಂಬಿಕೊಡುವ ರಶೀದ್‌ಭಾಯಿಗೆ, "ಎಲ್ಲಾರೂ ಕೇಳೋದು ಬ್ಯಾಡ್ರಿ, ಹೊಸದೇನರ ಕೊಡ್ರಿ" ಎಂದೆ. ಅವರು ತಮ್ಮ ಅಳಿಯ ದುಬೈಯಿಂದ ತಂದ ಕ್ಯಾಸೆಟ್ಟನ್ನು ತುಂಬಿಕೊಟ್ಟರು. ಒಂದು ಬದಿಯಲ್ಲಿ ಒಬ್ಬ ಮನುಷ್ಯ ಹಾಡೋ ಬೈಗುಳವೋ ತಿಳಿಯದ ಹಾಗೆ, ಬಡಿತದ ಮೇಲೆ ಉಸಿರು ಬಿಡದೆ ಮಾತು ಸುರಿಯುತ್ತಿದ್ದ. ಇನ್ನೊಂದು ಬದಿಯಲ್ಲಿ ಅದೇ ಬಡಿತ, ಮನುಷ್ಯ ಮಾತ್ರ ಇಲ್ಲ.

ಮರುದಿನವೇ ಹೋಗಿ ಗುಡುಗಿದೆ. "ಭಾಯಿ, ಅರ್ಧ ಕ್ಯಾಸೆಟ್ಟಿನಾಗ ಹಾಡೋರೇ ಇಲ್ಲಲ್ರೀ! ಖಾಲಿ ಬಾಜಾ ತುಂಬೀರಿ."

"ಅಸಲಿ ಕ್ಯಾಸೆಟ್ಟಿನಾಗೇ ಹಂಗ ಅದರೀ ಮಾಸ್ತರ್ರ. ಈಗ ನಾ ಏನ್ ಹಾಡಿ ತುಂಬ್ಲಿ?"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನು ಕ್ಯಾಸೆಟ್ಟನ್ನು ಜೇಬಿಗೆ ಹಾಕಿಕೊಂಡು, ಬಸ್ಸು ತಪ್ಪುತ್ತದೆ ಎಂಬ ಸುಳ್ಳು ಅವಸರದಲ್ಲಿ ಹೊರಬಿದ್ದೆ.

ಎಷ್ಟೋ ವರ್ಷಗಳ ಮೇಲೆ ಭಾನುವಾರದ ಪುರವಣಿಯಲ್ಲಿ ಓದಿ ತಿಳಿದೆ. ಜಮೈಕಾ ಎಂಬ ದ್ವೀಪದಲ್ಲಿ ಬೀದಿಗೆ ಆಳೆತ್ತರದ ಸ್ಪೀಕರ್ ಇಟ್ಟು ಕುಣಿಯುತ್ತಾರಂತೆ. ರೆಗ್ಗೆ ಎಂಬ ತಮ್ಮ ಹಾಡಿನ ಗ್ರಾಮಫೋನ್ ತಟ್ಟೆಯ ಹಿಂಬದಿಗೆ ಬೇಕೆಂತಲೇ ಬರೀ ಬಡಿತ ಬಿಡುತ್ತಾರಂತೆ. ಮೈಕು ಹಿಡಿದವನು ಅದರ ಮೇಲೆ ಮಾತು ಕಟ್ಟಬಹುದು, ಎದುರಿನವನ ಕಾಲೆಳೆಯಬಹುದು. ಆ ಬೀದಿಯ ಕುಣಿತದ ಸಂಗೀತಕ್ಕೇ ಡಾನ್ಸ್‌ಹಾಲ್ ಎಂದು ಹೆಸರು. ದ್ವೀಪದವರು ಹೊಟ್ಟೆಪಾಡಿಗೆ ನ್ಯೂಯಾರ್ಕಿಗೆ ಹೋದಾಗ ಈ ಚಾಳಿಯನ್ನೂ ಒಯ್ದರು. ಅಲ್ಲಿ ಹುಟ್ಟಿದ ಹಿಪ್‌ಹಾಪ್ ಎಂಬ ಮಾತಿನ ಹಾಡಿಗೂ ಇದಕ್ಕೂ ನಂಟು ಬೆಳೆದು, ತೊಂಬತ್ತರ ಹೊತ್ತಿಗೆ ಯಾವುದು ತವರು, ಯಾವುದು ಗಂಡನ ಮನೆ ಎಂದು ಹೇಳಲಾಗದಷ್ಟು ಬೆರೆತುಹೋಯಿತು. ನಮ್ಮ ಭಜನೆಯ ಪುಸ್ತಕಗಳಲ್ಲಿ ಪದದ ಮೇಲೆ 'ಧಾಟಿ' ಎಂದು ಬೇರೊಂದು ಹಾಡಿನ ಹೆಸರು ಅಚ್ಚು ಹಾಕುವುದಿಲ್ಲವೇ? ಅವರದೂ ಹೆಚ್ಚುಕಡಿಮೆ ಅದೇ ವ್ಯವಹಾರ.

ಇದನ್ನು ಯಾವ ಪುರವಣಿಯನ್ನೂ ಓದದೆ ತಿಳಿದವಳು ಮಣ್ಣೂರಿನ ನನ್ನ ಸೋದರತ್ತೆ ನೀಲವ್ವ. ಅವಳು ಗೀಗೀ ಪದದ ಹಾಡುಗಾರ್ತಿ. ಹೆಣ್ಣು ಹೆಚ್ಚೆಂದು ಇವಳ ಮೇಳ, ಗಂಡು ಹೆಚ್ಚೆಂದು ಎದುರಿನ ಮೇಳ, ಪದದಲ್ಲೇ ಸವಾಲು, ಪದದಲ್ಲೇ ಜವಾಬು. ನಾನು ಕ್ಯಾಸೆಟ್ಟು ತುಂಬಿಸಿದ ವರ್ಷ ಮಟಕಿ ಊರಿನ ಮೇಳದವರು ಅವಳನ್ನು ಸವಾಲಿಗೆ ಕರೆದಿದ್ದರು. ಹದಿನೈದು ದಿನ ಉಳಿದಿರುವಾಗ ಅವಳ ಹಿಂದೆ ಇಪ್ಪತ್ತು ವರ್ಷ ದಪ್ಪು ಬಾರಿಸಿದ್ದ ಲಕ್ಕಪ್ಪ ಬಸ್ಸಿನ ಏಣಿಯಿಂದ ಜಾರಿ ಬಲಗೈ ಮುರಿದುಕೊಂಡ. ಮಟಕಿಗೆ ಹೋಗದಿದ್ದರೆ ಮುಂದೆ ಯಾರೂ ಕರೆಯುವುದಿಲ್ಲ. ಹಾಡು ಇಲ್ಲಿಗೆ ಮುಗಿಯಿತು ಎಂದು ಅತ್ತೆ ಒಲೆಯ ಮುಂದೆ ಕೂತುಬಿಟ್ಟಿದ್ದಳು.

ಸುದ್ದಿ ಕೇಳಿ ಟೇಪ್‌ರೆಕಾರ್ಡರ್ ಸಮೇತ ಮಣ್ಣೂರಿಗೆ ಹೋದ ನಾನು, ಅವಳನ್ನು ನಗಿಸೋಣವೆಂದು ಆ ಖಾಲಿ ಬದಿಯನ್ನು ಹಚ್ಚಿದೆ. ಅವಳು ನಗಲಿಲ್ಲ. ತಲೆ ವಾಲಿಸಿ ಕೇಳಿದಳು. "ಇದು ಖಾಲಿ ಅಲ್ಲೋ ತಮ್ಮಾ, ಹಾಡೋರಿಗಿ ಜಾಗಾ ಬಿಟ್ಟಾರ" ಎಂದವಳೇ ಮಟಕಿಯವರಿಗೆ ಹಾಕಬೇಕಿದ್ದ ಸವಾಲನ್ನು ಆ ಬಡಿತದ ಮೇಲೆ ಕೂಡಿಸಿದಳು. ಕೂತಿತು! ಅದರಲ್ಲಿ ಒಂದು ಪೆಟ್ಟು ಸ್ವಲ್ಪ ತಡೆದು ಬೀಳುತ್ತಿತ್ತು. ಅವಳ ಮಾತೂ ಅಲ್ಲಿಯೇ ಕತ್ತು ಕೊಂಕಿಸಿ ನಿಂತು ಮುಂದೆ ಹೋಗುತ್ತಿತ್ತು.

ಉಮೇದಿಗೆ ಬಿದ್ದು, "ಅತ್ತಿ, ಈ ಟೇಪೇ ಮಟಕಿಗಿ ಒಯ್ಯೋಣು" ಎಂದುಬಿಟ್ಟೆ. ಕಟ್ಟೆಯ ಮೇಲೆ ಮುರಿದ ಕೈಗೆ ಬಿದಿರಿನ ದಬ್ಬೆ ಕಟ್ಟಿಸಿಕೊಂಡು ಲಕ್ಕಪ್ಪ ಕೂತಿದ್ದನ್ನು ನಾನು ನೋಡಿರಲಿಲ್ಲ. ಅವನ ಮುಖ ನೋಡಿದಾಗ ನನಗೆ ಬಹಳ ನಾಚಿಕೆಯಾಯಿತು. ಇಪ್ಪತ್ತು ವರ್ಷ ಜೊತೆಗಿದ್ದ ಮನುಷ್ಯನ ಜಾಗಕ್ಕೆ ಒಂದು ಪೆಟ್ಟಿಗೆಯನ್ನು ಕೂಡಿಸಲು ಹೊರಟಿದ್ದೆ.

ಅಷ್ಟರಲ್ಲಿ, ಹಾಡುತ್ತಲೇ ಇದ್ದ ಅತ್ತೆಗೆ ಕೆಮ್ಮು ಬಂತು. ಟೇಪು ತನ್ನ ಪಾಡಿಗೆ ಓಡಿತು. ಅವಳು ಅದನ್ನು ಹಿಡಿಯಲಾರದೆ ಪದ ನಿಲ್ಲಿಸಿದಳು.

"ನೀ ಕೆಮ್ಮಿದ್ರ ಅದು ನಿಂದ್ರತದೇನು?" ಎಂದ ಲಕ್ಕಪ್ಪ. ಎದ್ದು ಬಂದು ದಪ್ಪನ್ನು ದಬ್ಬೆ ಕಟ್ಟಿದ ಕೈಗೆ ತೂಗು ಹಾಕಿ ಎಡಗೈಯಲ್ಲಿ ಬಡಿದ. ರೂಢಿಯಿಲ್ಲದ ಕೈ. ಪೆಟ್ಟು ತಡವಾಗಿಯೇ ಬಿತ್ತು. ನಾನು ಕಣ್ಣು ಮುಚ್ಚಿಕೊಂಡೆ. ಅತ್ತೆ ಮಾತ್ರ ಕಣ್ಣರಳಿಸಿ, "ಹಾಂ, ಅಲ್ಲೇ! ತಿದ್ದಬ್ಯಾಡ ಲಕ್ಕಪ್ಪ, ಅಲ್ಲೇ ಇರ್ಲಿ" ಎಂದಳು.

ಉಳಿದ ದಿನಗಳಲ್ಲಿ ಅವರು ಟೇಪು ಕೇಳಿದರು, ಬೈದರು, ಮತ್ತೆ ಕೇಳಿದರು. ಮಟಕಿಗೆ ಇಬ್ಬರೂ ಹೋದರು, ಟೇಪು ಮನೆಯಲ್ಲೇ ಉಳಿಯಿತು. ಅತ್ತೆ ಅಲ್ಲಿ ನಡುವೆ ಎರಡು ಸಲ ಕೆಮ್ಮಿದಳು. ಎರಡೂ ಸಲ ಲಕ್ಕಪ್ಪನ ಎಡಗೈ ಅವಳಿಗಾಗಿ ಕಾಯಿತು. ಎದುರಿನ ಮೇಳದ ಹಿರಿಯ, "ಇದ್ಯಾವ ಊರಿನ ಧಾಟಿರೀ ಅವ್ವಾ?" ಎಂದು ಕೇಳಿದ. ಅತ್ತೆ ಎಳ್ಳಷ್ಟೂ ಅಳುಕದೆ, "ಮಣ್ಣೂರಿಂದು" ಎಂದಳು.

ಮರುವರ್ಷ ಮಟಕಿಯವರು ಮತ್ತೆ ಕರೆದರು. ಅವರ ಮೇಳ ಮೊದಲ ಸವಾಲು ಎತ್ತಿದ್ದೇ ನಮ್ಮ ಧಾಟಿಯಲ್ಲಿ, ಆ ತಡೆದು ಬೀಳುವ ಪೆಟ್ಟಿನ ಸಮೇತ. ನನಗೆ ಮೈಯೆಲ್ಲ ಉರಿಯಿತು. ಜೀವಮಾನದ ಎರಡನೆಯ ಜಗಳಕ್ಕೆ ಎದ್ದೇ ನಿಂತೆ. ಅತ್ತೆ ನನ್ನ ಅಂಗಿ ಹಿಡಿದು ಕೂಡಿಸಿದಳು.

"ಕೂಡೋ ತಮ್ಮಾ. ಅವರೂ ಹಾಡಿದ್ರಂದ್ರ, ಇನ್ನ ಇದು ಸಾಯಂಗಿಲ್ಲ."